ಸೇತುವೆಗೆ ಬಸ್ಸಮ್ಮನ ಹೆಸರು

ಮುತ್ತಗೇರಾ
೯ ಏಪ್ರಿಲ್ ೧೯೫೬

ತಂಗಿ ಅಯ್ಯಮ್ಮನಿಗೆ ದೇವಿಂದ್ರಣ್ಣನ ಆಶೀರ್ವಾದ.

ನಮ್ಮ ಮಾಳಿಗೆ ಹತ್ತಿ ನಿಂತರೆ ನಿಮ್ಮ ನೀಲಹಾಳದ ಒಲೆಗಳ ಹೊಗೆ ಕಾಣುತ್ತದೆ. ನಡುವೆ ಇರುವುದು ಭೀಮಾ ನದಿಯೊಂದೇ. ಆದರೂ ಈ ಕಾಗದ ಶಹಾಪುರಕ್ಕೆ ಹೋಗಿ, ಅಲ್ಲಿಂದ ಸುತ್ತು ಹಾಕಿ ಯಾದಗಿರಿಗೆ ಹೋಗಿ, ಅಲ್ಲಿಯ ಟಪ್ಪಾಲಿನವನ ಚೀಲದಲ್ಲಿ ನಿನ್ನ ಕೈ ಸೇರಬೇಕು. ಎದುರಿಗೆ ಹೊಸ ಸೇತುವೆ ಸಿದ್ಧವಾಗಿ ನಿಂತಿದೆ. ಎರಡೂ ತುದಿಗೆ ಜಾಲಿಮುಳ್ಳು ಹಚ್ಚಿದ್ದಾರೆ.

ಅಪ್ಪ ಈ ಸೇತುವೆಗಾಗಿ ಎಷ್ಟು ಕಚೇರಿ ತಿರುಗಿದ ಎಂಬುದು ನಿನಗೆ ನೆನಪಿರಬೇಕು. ನಿಜಾಮರ ಕಾಲದಲ್ಲಿ ಕಂಬಗಳು ಎದ್ದವು. ನಲವತ್ತೆಂಟರ ಗಲಾಟೆಯಲ್ಲಿ ಕೆಲಸದವರು ದಿಕ್ಕಾಪಾಲಾದರು, ಕಂಬಗಳ ಮೇಲೆ ವರ್ಷಗಟ್ಟಲೆ ಕೊಕ್ಕರೆಗಳು ಕೂತವು. ಮುಗಿಯುವುದನ್ನು ನೋಡಲು ಅಪ್ಪ ಉಳಿಯಲಿಲ್ಲ. ಈಗ ಮುಗಿದಿದೆ, ಹೆಸರಿಗೆ ಜಗಳ. ಅರ್ಜಿ ಹೋದದ್ದು ನಮ್ಮೂರಿಂದ, ಆದ್ದರಿಂದ ಮುತ್ತಗೇರಾ ಸೇತುವೆ ಎನ್ನಬೇಕೆಂದು ಇಲ್ಲಿಯವರು. ಕಲ್ಲು ಬಂದದ್ದು ನಿಮ್ಮ ಗುಡ್ಡದಿಂದ, ನೀಲಹಾಳ ಸೇತುವೆಯೇ ಆಗಬೇಕೆಂದು ನಿಮ್ಮವರು. ನಮ್ಮದು ಜಾಗೀರಿನ ಊರಾಗಿತ್ತು, ನಿಮ್ಮದು ಸರ್ಕಾರದ್ದು. ಅಂದಿನ ಮುನಿಸೆಲ್ಲ ಈಗ ಒಂದು ಹೆಸರಿನ ಮೇಲೆ ಬಂದು ಕೂತಿದೆ. ಹೆಸರು ತೀರ್ಮಾನವಾಗುವವರೆಗೆ ಯಾರೂ ದಾಟಬಾರದೆಂದು ಎರಡೂ ಊರು ಹಟ ಹಿಡಿದಿವೆ. ಅಲ್ಲಿಯ ಅರ್ಜಿಗೆ ಮೊದಲ ಸಹಿ ನಿನ್ನ ಗಂಡ ವೆಂಕಪ್ಪ ಮಾವನದು. ಇಲ್ಲಿಯ ಅರ್ಜಿ ಬರೆಯುವವನು ನಾನು, ಊರಿಗೆ ಒಬ್ಬನೇ ಕನ್ನಡ ಮಾಸ್ತರ ಎಂಬ ಕಾರಣಕ್ಕೆ. ಮೊನ್ನೆ ತಹಸೀಲಿನ ಮುಂದೆ ಇಬ್ಬರೂ ಎದುರಾದೆವು. ಮಾವ ರುಮಾಲು ಸರಿಮಾಡಿಕೊಂಡು ಆಚೆ ಹೋದ.

ಅವ್ವ ಚೆನ್ನಾಗಿದ್ದಾಳೆ. ನಿನ್ನನ್ನು ಕೇಳುತ್ತಾಳೆ.

ನಿನ್ನ ಅಣ್ಣ,
ದೇವಿಂದ್ರ


ನೀಲಹಾಳ
೧೪ ಮೇ ೧೯೫೬

ದೇವಿಂದ್ರಣ್ಣನಿಗೆ ಅಯ್ಯಮ್ಮ ಮಾಡುವ ನಮಸ್ಕಾರ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬರೆಯಬೇಕೆಂದು ಕೂತರೆ ಕಣ್ಣು ಮುಚ್ಚಿಕೊಂಡು ಬರುತ್ತವೆ. ಕಾರಣ ಹೇಳುತ್ತೇನೆ, ಅವ್ವನಿಗೂ ಹೇಳು. ಈ ಸಲ ಬಸಿರು ನಿಂತಿದೆ. ಐದನೇ ತಿಂಗಳು. ಹಿಂದೆ ಎರಡು ಸಲ ಆದದ್ದು ನಿನಗೆ ಗೊತ್ತು, ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ.

ಮೊದಲ ಬಾಣಂತನ ತವರಿನಲ್ಲಿ ಆಗಬೇಕಲ್ಲ. ಸೇತುವೆ ದಾಟಿ ಹೋಗುವ ಮಾತು ಇವರ ಮುಂದೆ ತೆಗೆದೆ. "ಪೂಲಿನ ಮ್ಯಾಲ ನನ್ನ ಹೆಂಡತಿನೇ ಮೊದಲ ಕಾಲಿಟ್ರ ಊರಾಗ ನಾ ಹ್ಯಾಂಗ ತಿರುಗಲಿ? ಹೆಸರು ಆಗಲಿ, ಗಾಡ್ಯಾಗ ಕುಂದ್ರಿಸಿ ನಾನೇ ಕಳಸ್ತೀನಿ" ಎಂದರು. ದೋಣಿಯ ಮಾತು ನಾನು ಎತ್ತಲಿಲ್ಲ. ನಮ್ಮ ದೊಡ್ಡಕ್ಕ ಬಸ್ಸಕ್ಕ ತೀರಿಹೋದ ಮೇಲೆ ಇವರು ದೋಣಿಯ ಕಡೆ ಕಣ್ಣೆತ್ತಿ ನೋಡಿಲ್ಲ. ಆ ದಿನದ ಒಂದು ಮಾತೂ ಇಂದಿನವರೆಗೆ ನನ್ನ ಮುಂದೆ ಆಡಿಲ್ಲ. ನಾನೂ ಕೇಳಿಲ್ಲ.

ಅವ್ವ ಇಲ್ಲಿಗೆ ಬರಲಿ ಎಂದು ಹೇಳುವುದಿಲ್ಲ. ಈ ದಂಡೆಯ ನೀರು ಬಾಯಿಗೆ ಹಾಕುವುದಿಲ್ಲ ಎಂದವಳು ಅವಳು. ಅಕ್ಕನ ಮನೆಗೇ, ಅಕ್ಕನ ಗಂಡನಿಗೇ ನನ್ನನ್ನು ಕೊಟ್ಟಾಗಲೂ ಲಗ್ನ ಅಲ್ಲೇ ಮಾಡಿ ಕಳಿಸಿದಳು. ನನ್ನ ಒಲೆ ಯಾವ ದಿಕ್ಕಿಗಿದೆ ಎಂಬುದೂ ಅವಳಿಗೆ ಗೊತ್ತಿಲ್ಲ.

ಬಿಸಿಲು ಬಹಳ. ಉಳಿದದ್ದು ಇನ್ನೊಮ್ಮೆ ಬರೆಯುತ್ತೇನೆ.

ಅಯ್ಯಮ್ಮ


ಮುತ್ತಗೇರಾ
೨ ಜುಲೈ ೧೯೫೬

ಪ್ರೀತಿಯ ತಂಗೀ,

ನಿನ್ನ ಸುದ್ದಿ ಹೇಳಿದಾಗ ಅವ್ವ ಜೋಳ ಕೇರುತ್ತಿದ್ದಳು. "ಯಾವ ತಿಂಗಳಿಗಿ ಬರ್ತದ?" ಎಂದಳು. ಭಾದ್ರಪದ ಎಂದೆ. ಮೊರ ಕೈಯಲ್ಲೇ ನಿಂತಿತು. ಬಸ್ಸಕ್ಕನದೂ ಅದೇ ತಿಂಗಳಾಗಿತ್ತು.

ನೀನು ಆಗ ಸಣ್ಣವಳು, ಅಜ್ಜಿಯ ಊರಿನಲ್ಲಿದ್ದೆ. ನಾನು ಅವ್ವನ ಪಕ್ಕದಲ್ಲೇ ಇದ್ದೆ. ಅಕ್ಕ ಬಾಣಂತನಕ್ಕೆ ಬರುವವಳಿದ್ದಳು. ಹೊಳೆ ತುಂಬಿತ್ತು. ಅಕ್ಕ ಆ ದಂಡೆಯಲ್ಲಿ ಬುತ್ತಿ ಕಟ್ಟಿಕೊಂಡು ಕೂತಿದ್ದಳು, ನಾವು ಈ ದಂಡೆಯಲ್ಲಿ ನಿಂತಿದ್ದೆವು. ಅಂಬಿಗರು ಈ ನೀರಿಗೆ ದೋಣಿ ಹಾಕುವುದಿಲ್ಲ ಎಂದರು. ಅಪ್ಪ ಅವರ ಕಾಲಿಗೆ ಬಿದ್ದ. ಮಧ್ಯಾಹ್ನದ ಮೇಲೆ ಆಚೆ ಜನ ಗುಂಪಾದದ್ದು ಕಂಡಿತು. ಯಾಕೆಂದು ಇಲ್ಲಿಂದ ತಿಳಿಯಲಿಲ್ಲ. ನೀರು ಇಳಿದು ಸುದ್ದಿ ಬರುವಷ್ಟರಲ್ಲಿ ತಾಯಿ, ಕೂಸು ಇಬ್ಬರನ್ನೂ ಮಣ್ಣು ಮಾಡಿದ್ದರು. ಅಪ್ಪ ಮೊದಲ ಅರ್ಜಿ ಬರೆಸಿದ್ದು ಅದೇ ವಾರ.

ಈಗ ಒಳ್ಳೆಯ ಸುದ್ದಿ ಕೇಳು. ಮೊನ್ನೆ ಎರಡೂ ಊರಿನವರನ್ನು ತಹಸೀಲಿಗೆ ಕರೆಸಿದ್ದರು. ನವೆಂಬರಿಗೆ ನಮ್ಮ ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರುತ್ತೇವೆ, ಅಷ್ಟರೊಳಗೆ ಒಂದು ಹೆಸರಿಗೆ ಒಪ್ಪದಿದ್ದರೆ ಕಾಗದವೆಲ್ಲ ಬೆಂಗಳೂರಿಗೆ ಹೋಗುತ್ತದೆ, ಮತ್ತೆ ಮೊದಲಿನಿಂದ ಶುರು ಎಂದರು ಸಾಹೇಬರು. ಎಲ್ಲರೂ ದಣಿದಿದ್ದರು. ಆಗ ನಾನು ಎದ್ದು ನಿಂತು ಹೇಳಿದೆ: "ನಮ್ಮೂರಿನ ಮಗಳು, ನಿಮ್ಮೂರಿನ ಸೊಸಿ. ಈ ಹೊಳಿ ದಾಟಲಾರದೆ ಸತ್ತಾಕಿ. ಬಸ್ಸಮ್ಮನ ಸೇತುವೆ ಅನ್ನೋಣ್ರಿ." ಆಮೇಲೆ ನಿಮ್ಮೂರಿನ ಚನ್ನಯ್ಯ ಮುತ್ಯಾ ಕಣ್ಣೊರೆಸಿಕೊಂಡು "ಇದಕ್ಕ ಬ್ಯಾಡ ಅನ್ನೋರು ಯಾರದಾರ" ಎಂದ. ಎರಡೂ ಊರು ಒಪ್ಪಿದವು. ಮಾವ ಮಾತ್ರ ತಲೆ ಬಗ್ಗಿಸಿ ಸಹಿ ಹಾಕಿದ.

ಇನ್ನು ಕಲ್ಲು ಕೆತ್ತಿಸಿ ಕೂರಿಸುವುದು, ಮುಳ್ಳು ತೆಗೆಯುವುದು. ನೀನು ಗಾಡಿಯಲ್ಲಿ ಕೂತು ಬಾ. ಅವ್ವನಿಗೆ ಇನ್ನೂ ಹೇಳಿಲ್ಲ. ಕಲ್ಲು ಏರಿದ ದಿನ ಕರೆದುಕೊಂಡು ಹೋಗಿ ತೋರಿಸುತ್ತೇನೆ.

ನಿನ್ನ ಅಣ್ಣ


ನೀಲಹಾಳ
೧೯ ಜುಲೈ ೧೯೫೬

ಅಣ್ಣನಿಗೆ ನಮಸ್ಕಾರ.

ಇದು ಬರೀ ಕಾರ್ಡು, ಜಾಗ ಸಾಲದು. ಊರಿನಲ್ಲಿ ಎಲ್ಲರಿಗೂ ಸಂತೋಷವಾಗಿದೆ. ನೀರಿಗೆ ಹೋದಲ್ಲಿ ಹೆಂಗಸರು "ನಿಮ್ಮಕ್ಕನ ಪೂಲಿನ ಮುಳ್ಳು ಯಾವಾಗ ತೆಗೀತಾರವ್ವ" ಎಂದು ಕೇಳುತ್ತಾರೆ. ಇವರು ತಹಸೀಲಿನಿಂದ ಬಂದಾಗಿನಿಂದ ಹೊಲದಲ್ಲೇ ಇರುತ್ತಾರೆ. ಬುತ್ತಿ ಕಟ್ಟಿ ಕಳಿಸಿದರೆ ಅರ್ಧ ತಿರುಗಿ ಬರುತ್ತದೆ.

ಅವ್ವನಿಗೆ ಮೊದಲು ಹೇಳು, ಅಣ್ಣ.

ಅಯ್ಯಮ್ಮ


ಮುತ್ತಗೇರಾ
೧೧ ಆಗಸ್ಟ್ ೧೯೫೬

ತಂಗೀ,

ನಿನ್ನ ಮಾತು ಕೇಳಬೇಕಾಗಿತ್ತು.

ಮೈನುದ್ದೀನ ಮೇಸ್ತ್ರಿ ನಿನಗೆ ಗೊತ್ತಲ್ಲ? ನಿಜಾಮರ ಕಾಲದಲ್ಲಿ ಕಂಬ ಕಟ್ಟಿದವನು. ನಲವತ್ತೆಂಟರಲ್ಲಿ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿಗೆ ಹೋಗಿದ್ದವನು, ಕೆಲಸ ಮತ್ತೆ ಶುರುವಾದಾಗ ತಿರುಗಿ ಬಂದ. ಕಲ್ಲು ಕೆತ್ತಲು ಅವನಿಗೇ ಹೇಳಿದ್ದರು. ಅವನಿಗೆ ಕನ್ನಡ ಓದಲು ಬಾರದು. ನಾನು ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಬರೆದುಕೊಟ್ಟೆ. ನೆರಳಿದೆ ಎಂದು ನಮ್ಮ ಮನೆಯ ಬೇವಿನ ಮರದ ಕೆಳಗೇ ಕೂತು ಕೆತ್ತುತ್ತಿದ್ದ. ನಾನು ಸಾಲೆಯಲ್ಲಿದ್ದೆ. ಅವ್ವ ಅವನಿಗೆ ಕುಡಿಯಲು ನೀರು ತಂದಳಂತೆ.

"ಏನು ಕೆತ್ತಾಕತ್ತಿ ಮೇಸ್ತ್ರಿ?"

"ಹೆಸರು ಅಮ್ಮಾ. ಪೂಲಿಗಿ ಹಚ್ಚೋದು."

"ಯಾರ ಹೆಸರು?"

ಅವಳಿಗೆ ಗೊತ್ತಿದೆ ಎಂದೇ ಅವನು ತಿಳಿದಿದ್ದ. "ನಿಮ್ಮ ದೊಡ್ಡ ಮಗಳದೇ ಅಲ್ಲೇನ್ರಿ ಅಮ್ಮಾ, ಬಸ್ಸಮ್ಮಂದು" ಎಂದ.

ನಾನು ಬರುವ ಹೊತ್ತಿಗೆ ಮೇಸ್ತ್ರಿ ಉಳಿ ಕೆಳಗಿಟ್ಟು ದೂರ ನಿಂತಿದ್ದ. ಅವ್ವ ಕಲ್ಲಿನ ಪಕ್ಕ ಕೂತಿದ್ದಳು. ಮೊದಲ ಎರಡು ಅಕ್ಷರ ಆಗಿದ್ದವು, ಅವುಗಳ ಮೇಲೆ ಅಂಗೈ ಇಟ್ಟುಕೊಂಡಿದ್ದಳು.

"ನನಗ ಕೇಳಿದ್ದ್ಯಾ?" ಎಂದಳು.

"ಎರಡೂ ಊರು ಒಪ್ಪ್ಯಾವ ಅವ್ವ. ಅಕ್ಕನ ಹೆಸರು ಉಳೀತದ."

"ನಾಳಿ ಇದರ ಮ್ಯಾಲ ಮೋಟಾರ ಓಡ್ತಾವ. ಬಸ್ಸಮ್ಮ ಬಂತು ಇಳೀರಿ ಅಂತ ಒದರ್ತಾರ. ಎತ್ತು ಸೆಗಣಿ ಹಾಕ್ತಾವ. ಕುಡುದು ಬಂದವರು ಬಸ್ಸಮ್ಮನ ಬುಡಕ ಮಲಗಿದ್ವಿ ಅಂತಾರ. ಮಳಿ ಹೆಚ್ಚಾದ್ರ ಬಸ್ಸಮ್ಮ ಮುಳುಗ್ಯಾಳ ಅಂತ ಊರೆಲ್ಲ ಸುದ್ದಿ ಹೇಳ್ತದ. ಪ್ರತಿ ಮಳಿಗಾಲಕ್ಕ ಅದನ್ನ ನಾ ಮನ್ಯಾಗ ಕುಂತು ಕೇಳಬೇಕೇನು?"

ನಾನು ಅವಳ ಎದುರಿಗೆ ಕೂತೆ.

"ಆಕಿ ನನ್ನ ಮಗಳು ದೇವಿಂದ್ರ. ನಿಮ್ಮ ಊರೂರಿನ ಜಗಳ ಮುಗ್ಸಾಕ ಹಡದಿಲ್ಲ ನಾ ಆಕೀನ್ನ."

ಹೆಸರಿಲ್ಲದೆ ಸೇತುವೆ ತೆರೆಯುವುದಿಲ್ಲ, ಅಯ್ಯಮ್ಮ ಹೇಗೆ ಬರಬೇಕು ಎಂದು ಕೇಳಿದೆ. ಅವ್ವ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಕಲ್ಲು ಹಾಗೆಯೇ ಬಿದ್ದಿದೆ. ಊರಿನವರು ದಿನಾ ಬಂದು ಯಾವಾಗ ಏರಿಸುವುದು ಎಂದು ಕೇಳುತ್ತಾರೆ.

ನೀನು ಒಂದು ಕಾಗದ ಬರೆ. ನಿನಗಾಗಿ, ಹುಟ್ಟುವ ಕೂಸಿಗಾಗಿ ಒಪ್ಪಿಕೋ ಎಂದು ಬರೆ. ನಿನ್ನ ಮಾತಾದರೆ ಕೇಳಿಯಾಳು. ನನಗೆ ಬೇರೆ ದಾರಿ ಕಾಣುವುದಿಲ್ಲ.

ದೇವಿಂದ್ರ


ನೀಲಹಾಳ
೨೭ ಆಗಸ್ಟ್ ೧೯೫೬

ಅಣ್ಣನಿಗೆ,

ಅವ್ವನಿಗೆ ನಾನು ಹಾಗೆ ಬರೆಯುವುದಿಲ್ಲ.

ಈ ಮನೆಗೆ ಬಂದಾಗ ಅತ್ತೆ ಇದ್ದಳು. ಕೆಲಸದ ಅವಸರದಲ್ಲಿ ನನ್ನನ್ನು "ಏ ಬಸ್ಸಿ" ಎಂದು ಕರೆಯುತ್ತಿದ್ದಳು. ನಾನು "ಹಾಂ" ಎಂದು ಓಡುತ್ತಿದ್ದೆ. ತಿದ್ದಿದರೆ ಅವಳಿಗೆ ಅಳು ಬರುತ್ತಿತ್ತು, ಅದಕ್ಕೆ ಬಿಟ್ಟೆ. ರೊಟ್ಟಿ ದಪ್ಪವಾದರೆ ಬಸ್ಸಮ್ಮನ ರೊಟ್ಟಿ ತೆಳ್ಳಗಿರುತ್ತಿತ್ತು. ಸೀರೆ ಉಟ್ಟರೆ ಇದು ಬಸ್ಸಮ್ಮನಿಗೆ ಒಪ್ಪುತ್ತಿತ್ತು ಎನ್ನುತ್ತಿದ್ದಳು. ಇದನ್ನೆಲ್ಲ ದೂರು ಎಂದು ತಿಳಿಯಬೇಡ. ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ, ಅವಳ ಮುಖವೂ ಈಗ ಸರಿಯಾಗಿ ನೆನಪಾಗುವುದಿಲ್ಲ. ಆದರೆ ಬಾಗಿಲು ತೆರೆದರೆ ಎದುರಿಗೆ ಅವಳ ಹೆಸರು ಕಲ್ಲಿನಲ್ಲಿ ನಿಂತಿದ್ದರೆ ಈ ಮನೆಯಲ್ಲಿ ನಾನು ಎಲ್ಲಿ ನಿಲ್ಲಬೇಕು? ನೀನು ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ.

ಮೊನ್ನೆ ಇವರು ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತು, "ನಿಮ್ಮವ್ವ ಬ್ಯಾಡ ಅಂದಾಳಂತ, ಖರೇನ?" ಎಂದರು. ಹೌದು ಎಂದೆ. "ಚಲೋ ಆತು" ಎಂದರು. ಅಂದು ಹೊಟ್ಟೆ ತುಂಬ ಉಂಡರು.

ಹೆಸರು ತೆಗೆಸಿಬಿಡು. ಸೂಲಗಿತ್ತಿ ಹನುಮಮ್ಮ ಇಲ್ಲಿದ್ದಾಳೆ, ಕೈ ಒಳ್ಳೆಯದು. ನಾನು ಇಲ್ಲೇ ಹೆರುತ್ತೇನೆ. ಕಾಲು ಬಾತಿವೆ, ಬಹಳ ಹೊತ್ತು ಕೂರಲು ಆಗುವುದಿಲ್ಲ.

ಅಯ್ಯಮ್ಮ


ಮುತ್ತಗೇರಾ
೧೩ ಸೆಪ್ಟೆಂಬರ್ ೧೯೫೬

ತಂಗೀ,

ಇದು ಕೈಸೇರಿದ ಕೂಡಲೇ ಒಂದು ಸಾಲು ಬರೆ. ಅವ್ವ ಬಂದು ಮುಟ್ಟಿದಳೇ?

ಕಳೆದ ವಾರ ಚಾವಡಿಯಲ್ಲಿ ಎದ್ದು ನಿಂತು ಅಕ್ಕನ ಹೆಸರು ಹಿಂತೆಗೆದುಕೊಂಡೆ. "ಮಾಸ್ತರ ತಾನೇ ಹಚ್ಚಿದ, ತಾನೇ ಕಿತ್ತ. ನಾವೇನು ಇವನ ಸಾಲಿ ಹುಡುಗರೇನು?" ಎಂದು ಬೈದರು. ಬೈಯಲಿ. ಮತ್ತೆ ಮುತ್ತಗೇರಾ, ಮತ್ತೆ ನೀಲಹಾಳ, ಮತ್ತೆ ಮುಳ್ಳು. ಮೈನುದ್ದೀನ ಮಾತ್ರ ಮಾರನೆಯ ದಿನ ಬಂದು ಆ ಎರಡು ಅಕ್ಷರಗಳನ್ನು ಉಳಿಯಿಂದ ಸವೆಸಿ, ಕಲ್ಲನ್ನು ಬಂಡಿಗೆ ಹೇರಿಕೊಂಡು ಹೋದ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

ಇವತ್ತು ಬೆಳಿಗ್ಗೆ ಎದ್ದವಳೇ ಹಳೆಯ ಸೀರೆಗಳನ್ನು ಹರಿದು ಮಡಿಸಿ, ಅಜವಾನ, ಒಣಶುಂಠಿ, ಬೆಲ್ಲ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡಳು. ಎಲ್ಲಿಗೆ ಎಂದೆ. "ಹೊಳಿ ಆಚೀಗಿ" ಎಂದಳು. ಆಗಸ್ಟಿನಿಂದ ನನ್ನ ಜೊತೆ ಆಡಿದ ಮೊದಲ ಮಾತು ಅದು.

ಹಿಂದೆಯೇ ಓಡಿದೆ. ಹೊಳೆ ಕಂಬಗಳ ಕೊರಳಿಗೆ ಬಂದಿದೆ, ನೀರಿನ ಸಪ್ಪಳಕ್ಕೆ ಮಾತು ಕೇಳುವುದಿಲ್ಲ. ಮುಳ್ಳಿನ ಹತ್ತಿರ ನಮ್ಮೂರಿನವರು ಕಾವಲಿದ್ದರು.

"ಇನ್ನಾ ಹೆಸರು ಆಗಿಲ್ಲಬೇ ಭೀಮವ್ವ" ಎಂದರು.

"ನನಗ ಹೆಸರಿನ ಕೆಲಸಿಲ್ಲ. ಮಗಳ ಮನಿಗಿ ಹೊಂಟೀನಿ. ಮುಳ್ಳು ಸರಸ್ರಿ, ಸೀರಿ ಹರೀತದ."

ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಸರಿಸಿದರು. ನಾನೂ ಹೆಜ್ಜೆ ಇಟ್ಟೆ. "ನೀ ಬರಬ್ಯಾಡ. ನೀ ಬಂದ್ರ ಆಚಿ ಮಂದಿ ಜಗಳಕ್ಕ ಬರ್ತಾರ" ಎಂದಳು. ನಿಂತೆ. ಸೇತುವೆಯ ಮೇಲೆ ಅವಳೊಬ್ಬಳೇ ನಡೆದಳು. ತುದಿ ಮುಟ್ಟಿದಾಗ ಆಚೆ ಜನ ಗುಂಪಾದದ್ದು ಕಂಡಿತು. ಯಾಕೆಂದು ಇಲ್ಲಿಂದ ತಿಳಿಯಲಿಲ್ಲ. ಬೆಳಕು ಇರುವವರೆಗೆ ದಂಡೆಯಲ್ಲೇ ನಿಂತಿದ್ದೆ.

ಬೇಗ ಬರೆ.

ದೇವಿಂದ್ರ


ನೀಲಹಾಳ
೩ ಅಕ್ಟೋಬರ್ ೧೯೫೬

ಅಣ್ಣನಿಗೆ ನಮಸ್ಕಾರ.

ತಡವಾಯಿತು, ಸಿಟ್ಟಾಗಬೇಡ. ಹೆಣ್ಣು ಕೂಸು. ನಾನು ಎದ್ದು ಕೂತಿದ್ದೇನೆ.

ಅಂದು ಈ ತುದಿಯಲ್ಲಿ ಕಾವಲಿದ್ದವರು ಇವರೇ. ಗುಂಪು ಸೇರಿದ್ದವರು "ಬಿಡಬ್ಯಾಡ್ರಿ, ಮುತ್ತಗೇರಾದವರು ಮುದುಕೀನ್ನ ಮುಂದ ಬಿಟ್ಟಾರ" ಎಂದು ಕೂಗಿದರಂತೆ. ಇವರು ಬರಿಗೈಯಿಂದ ಮುಳ್ಳು ಎಳೆದು ಹೊಳೆಗೆ ಎಸೆದರು. ಅಂಗೈಯ ಗಾಯ ಇನ್ನೂ ಮಾಯ್ದಿಲ್ಲ. ಅವ್ವನ ಗಂಟು ತಾವೇ ಹೊತ್ತುಕೊಂಡು ಮುಂದೆ ಬಂದರು.

ಅವ್ವ ಹೊಸ್ತಿಲಲ್ಲಿ ನಿಂತು ಮನೆಯನ್ನೆಲ್ಲ ಒಮ್ಮೆ ನೋಡಿದಳು. ನಾನು ಎದ್ದು ಬರುವಷ್ಟರಲ್ಲಿ, "ಬಾಯಿ ಒಣಗ್ಯಾದ, ನೀರು ಕೊಡು" ಎಂದಳು. ತಂಬಿಗೆ ಕೊಟ್ಟೆ. ನಿಂತೇ ಕುಡಿದಳು.

ಹೆರಿಗೆ ಕಷ್ಟವಾಯಿತು. ಹನುಮಮ್ಮ ಒಮ್ಮೆ ಕೈ ಬಿಟ್ಟವಳಂತೆ ಗೋಡೆಗೆ ಒರಗಿದಳು. ಅವ್ವ ಹಿಂದೆ ಕೂತು ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು, "ಅಯ್ಯವ್ವ, ನನ್ನ ಕಡೆ ನೋಡು, ಅಯ್ಯವ್ವ" ಎನ್ನುತ್ತಲೇ ಇದ್ದಳು. ಒಮ್ಮೆಯೂ ಹೆಸರು ತಪ್ಪಲಿಲ್ಲ.

ಇವರು ಎಸೆದ ಮುಳ್ಳನ್ನು ಯಾರೂ ತಿರುಗಿ ಹಚ್ಚಲಿಲ್ಲ. ಮೊದಲು ಯಾರದೋ ಎಮ್ಮೆಗಳು ದಾಟಿದವು. ಈಗ ಗಾಡಿಗಳೂ ಹೋಗುತ್ತವೆ.

ಅಯ್ಯಮ್ಮ


ಮುತ್ತಗೇರಾ
೨೦ ನವೆಂಬರ್ ೧೯೫೬

ತಂಗಿ ಅಯ್ಯಮ್ಮನಿಗೆ,

ಕೂಸಿಗೆ ಕುಲಾವಿ ಕಳಿಸಿದ್ದೇನೆ, ದೊಡ್ಡದಾದೀತು.

ಒಂದನೇ ತಾರೀಖು ಸಾಲೆಯಲ್ಲಿ ಬಾವುಟ ಏರಿಸಿ ಮಕ್ಕಳಿಗೆ ಪೇಢೆ ಹಂಚಿದೆ. ಇವತ್ತಿನಿಂದ ನಾವು ಮೈಸೂರು ರಾಜ್ಯದವರು ಎಂದು ಭಾಷಣ ಮಾಡಿದೆ. ಅದಕ್ಕೆ ಸ್ವಲ್ಪ ಮುಂಚೆ, ಹೊರಡುವ ಅವಸರದಲ್ಲಿದ್ದ ಹಳೆಯ ಸಾಹೇಬರು ಸೇತುವೆಗೆ ಕಲ್ಲು ಹಚ್ಚಿಸಿ ಹೋದರು. ಭೀಮಾ ನದಿ ಸೇತುವೆ, ೧೯೫೬. ಅಷ್ಟೇ. ಎರಡೂ ಊರಿನವರು ಬಂದು ಓದಿಸಿ ಕೇಳಿದರು. ಜಗಳ ಆಡಲು ಯಾರಿಗೂ ಶಕ್ತಿ ಉಳಿದಿರಲಿಲ್ಲ. ತಮ್ಮ ತಮ್ಮ ಮನೆಗೆ ಹೋದರು.

ಊರಿನಲ್ಲಿ ನನ್ನ ಜೊತೆ ಬಾಯಿ ತುಂಬ ಮಾತಾಡುವವರು ಕಡಿಮೆ. ನಾನೇ ವರ್ಗ ಕೇಳಿಕೊಂಡೆ. ಸುರಪುರ ತಾಲೂಕಿನ ಕಕ್ಕೇರಾಕ್ಕೆ ಹಾಕಿದ್ದಾರೆ. ಮುಂದಿನ ತಿಂಗಳ ಕೊನೆಗೆ ಹೋಗಬೇಕು. ಅವ್ವ ಯಾವಾಗ ಬರುತ್ತಾಳೆ? ನನ್ನ ಜೊತೆ ಕಕ್ಕೇರಾಕ್ಕೆ ಬರುವಳೋ, ಈ ಮನೆಯಲ್ಲೇ ಇರುವಳೋ ಕೇಳಿ ಬರೆ. ನಾನು ಬಂದು ಕೇಳಬಹುದಾಗಿತ್ತು. ಅರ್ಧ ಸೇತುವೆಯವರೆಗೆ ಎರಡು ಸಲ ಬಂದೆ. ಮಾವನ ಮುಖ ಹೇಗೆ ನೋಡಲಿ ಎಂದು ತಿರುಗಿ ಹೋದೆ.

ದೇವಿಂದ್ರ


ನೀಲಹಾಳ
೧೬ ಡಿಸೆಂಬರ್ ೧೯೫೬

ಅಣ್ಣನಿಗೆ ಅಯ್ಯಮ್ಮ ಮಾಡುವ ನಮಸ್ಕಾರ.

ನಿನ್ನ ಕಾಗದ ಅವ್ವನಿಗೆ ಓದಿ ಹೇಳಿದೆ. ಉತ್ತರ ಕೊಡಲಿಲ್ಲ. ಬತ್ತಿ ಹೊಸೆಯುತ್ತಿದ್ದಳು, ಹೊಸೆಯುತ್ತಲೇ ಇದ್ದಳು. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ನಿನ್ನೆ ಮಧ್ಯಾಹ್ನ ಇವರು ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ಅವ್ವ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು:

"ವೆಂಕಪ್ಪ, ಅವತ್ತು ಎಲ್ಲಿ ಕುಂತಿದ್ಲು ಆಕಿ?"

ನಾನು ಒಳಗಿದ್ದೆ, ಕೈಯಲ್ಲಿನ ಪಾತ್ರೆ ಹಾಗೇ ಹಿಡಿದುಕೊಂಡೆ. ಇವರು ಹೊಸೆಯುತ್ತಿದ್ದ ಎಳೆ ಮುಗಿಸಿದರು. ಆಮೇಲೆ ಹಗ್ಗ ಕೆಳಗಿಟ್ಟು, "ಬರ್ರಿ ಅತ್ತಿ" ಎಂದು ಎದ್ದರು. ಕೂಸನ್ನು ಎತ್ತಿಕೊಂಡು ನಾನೂ ಹೋದೆ.

ದಂಡೆಗೆ ಹೋಗಿ ಇವರು ಅತ್ತ ಇತ್ತ ನೋಡಿದರು. ಅಲ್ಲೊಂದು ಹುಣಸೆಮರ ಇತ್ತಂತೆ, ರಸ್ತೆ ಏರಿಸುವಾಗ ಕಡಿದಿದ್ದಾರೆ. ಇವರು ಹಳೆಯ ದೋಣಿಗಟ್ಟೆಯ ಕಲ್ಲಿನಿಂದ ನಡೆಯುತ್ತ ಬಂದು, ಮಣ್ಣಿನ ಏರಿ ಹತ್ತಿ, ಸೇತುವೆ ಶುರುವಾಗುವ ಕಡೆ ರಸ್ತೆಯ ನಡುವೆ ನಿಂತರು.

"ಇಲ್ಲೇ ಇರಬೇಕ್ರಿ. ಕೆಳಗ. ಮ್ಯಾಲ ಮಣ್ಣು ಹಾಕ್ಯಾರ."

ಅವ್ವ ಆ ಜಾಗ ನೋಡಿದಳು. ನಾನು ಅಳುತ್ತಾಳೇನೋ ಎಂದುಕೊಂಡೆ. ಅಳಲಿಲ್ಲ.

ಇವರು ತಾವೇ ಮಾತಾಡಿದರು. ಇವರ ಬಾಯಿಂದ ನಾನು ಇದನ್ನು ಕೇಳಿದ್ದು ಮೊದಲ ಸಲ. "ಮನೀಗಿ ನಡಿ ಅಂದ್ರ ಕೇಳಲಿಲ್ರಿ ಅತ್ತಿ. ಬ್ಯಾನಿ ಶುರುವಾದ್ರೂ ಏಳಲಿಲ್ಲ. ಅವ್ವ ಕಾಣಾಕತ್ತಾಳ, ನಾ ಒಳಗ ಬರಾಂಗಿಲ್ಲ ಅಂತಿದ್ಲು. ಕೊನೀತನಾ ಆ ದಂಡೀಗೆ ಮಾರಿ ಮಾಡಿದ್ಲು."

"ನಾ ಕಂಡಿದ್ನ್ಯಾ ಆಕೀಗಿ?"

"ಕಂಡಿದ್ರಿ. ಕೆಂಪು ಸೀರಿ ಉಟ್ಟಿದ್ರಿ ನೀವು."

ಹಿಂದಿನಿಂದ ಹತ್ತಿಯ ಗಾಡಿಯೊಂದು ಬಂತು. ನಾವು ಮೂವರೂ ಬದಿಗೆ ಸರಿದು ನಿಂತೆವು. ಗಾಡಿಯವನು ಅವ್ವನಿಗೆ ಶರಣು ಎಂದು ಹೋದ. ಧೂಳು ಇಳಿದ ಮೇಲೆ ಅವ್ವ ಮುತ್ತಗೇರಾದ ಕಡೆ ನೋಡುತ್ತ, "ಹೂಂ" ಎಂದಳು. "ಕೆಂಪು ಸೀರಿನೇ ಇತ್ತು."

ಅಣ್ಣ, ಮನೆಗೆ ಕೀಲಿ ಹಾಕು. ಅವ್ವ ಇಲ್ಲೇ ಇರುತ್ತಾಳೆ. ಕಕ್ಕೇರಾಕ್ಕೆ ಹೋಗುವ ಮುಂಚೆ ಅರ್ಧಕ್ಕೆ ನಿಲ್ಲದೆ ದಾಟಿ ಬಾ. ಇವರೇ ಬರೆ ಎಂದರು.

ಅಯ್ಯಮ್ಮ